ಉಮ್ಮು ನಾಸಿರ್ ಮನೆಯ ಚಳಿ

ನನ್ನ ಕುರ್ಚಿಗೆ ಬಂದವಳು ಮೊದಲ ದಿನವೇ ಕೇಳಿದಳು, "ಮೇಡಂ, ಕಾಣೆಯಾದವರನ್ನು ಹುಡುಕಲಿಕ್ಕೆ ನೀವು ಯಾವ ಸಾಫ್ಟ್‌ವೇರ್ ಯೂಸ್ ಮಾಡ್ತಿದ್ರಿ?" ನಾನು ನನ್ನ ಎರಡೂ ಕಿವಿ ಹಿಡಿದು ತೋರಿಸಿದೆ. ತಮಾಷೆ ಅಂದುಕೊಂಡು ನಕ್ಕಳು. ತಮಾಷೆಯಲ್ಲ ಮಾರಾಯ್ತಿ! ಈ ಕೆಲಸಕ್ಕೆ ಬರುವವರಿಗೆ ಹೇಳಲಿಕ್ಕೆ ನನ್ನ ಹತ್ತಿರ ಬೇಕಾದಷ್ಟು ಉಂಟು. ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೇ ಸಿಟ್ಟು ಬರುತ್ತದೆ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಫಿಲೊಮಿನಾ. ಊರು ಕಾರ್ಕಳದ ಕಡೆ, ಮನೆಮಾತು ಕೊಂಕಣಿ. ಕುವೈತಿಗೆ ಬಂದದ್ದು ಟೈಪಿಸ್ಟ್ ಆಗಿ, ಇರಾಕಿನ ಸೈನ್ಯ ಇಲ್ಲಿಂದ ತೊಲಗಿದ ಮೇಲೆ. ಅರಬಿ ಕಲಿತದ್ದು ರಿಗ್ಗೈ ಎಂಬ ಬಡಾವಣೆಯಲ್ಲಿ, ನೆರೆಮನೆಯವರ ಜೊತೆ ಜಗಳ ಮಾಡಿ ಮಾಡಿ. ನನ್ನ ಬಾಯಿ ನೋಡಿಯೇ ಇರಬೇಕು, ಯುದ್ಧದಲ್ಲಿ, ದಬ್ಬಾಳಿಕೆಯಲ್ಲಿ ಚದುರಿಹೋದ ಸಂಬಂಧಿಕರನ್ನು ಹುಡುಕಿಕೊಡುವ ಒಂದು ಸಂಸ್ಥೆಯವರು ನನ್ನನ್ನು ಟೈಪ್‌ರೈಟರಿನಿಂದ ಎಬ್ಬಿಸಿ ಮನೆಮನೆಗೆ ಕಳಿಸಿದರು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಜೊತೆಗೆ ಹಮೀದ್ ಭಾಯಿ ಎಂಬ ಉಳ್ಳಾಲದ ಬ್ಯಾರಿ, ಗಾಡಿ ಓಡಿಸಲಿಕ್ಕೆ. ಅವರು ನನ್ನನ್ನು 'ಬಾಯಿ' ಎನ್ನುತ್ತಿದ್ದರು, ನಮ್ಮೂರಲ್ಲಿ ಕ್ರಿಸ್ತರ ಹೆಂಗಸರನ್ನು ಕರೆಯುವ ಹಾಗೆ. ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಓದುವವರಿಗೆ ಕಷ್ಟವಾಗಬಾರದೆಂದು ಇಲ್ಲಿ ಕನ್ನಡದಲ್ಲಿ ಹಾಕುತ್ತೇನೆ.

ಮೊದಲು ಕೆಲಸದ ಮಾತು. ಮನೆಯವರ ಹತ್ತಿರ ಕೂತಾಗ "ಅವನು ಹಾಕಿದ್ದ ಬಟ್ಟೆಯ ಬಣ್ಣ ಯಾವುದು" ಎಂದು ಕೇಳಬೇಡಿ. ಬಣ್ಣ ಎಲ್ಲರಿಗೂ ಮರೆಯುತ್ತದೆ, ಇಲ್ಲದಿದ್ದರೆ ಎಲ್ಲರೂ ನೀಲಿ ಎನ್ನುತ್ತಾರೆ. "ಆ ಬಟ್ಟೆಯಲ್ಲಿ ಏನು ಕೆಟ್ಟಿತ್ತು" ಎಂದು ಕೇಳಿ. ಹರಿದದ್ದು, ಹೊಲಿದದ್ದು, ಅಳತೆ ತಪ್ಪಿದ್ದು ತಾಯಂದಿರಿಗೆ ಸಾಯುವವರೆಗೂ ನೆನಪಿರುತ್ತದೆ. ಹಾಗೆಯೇ, ಸಿಕ್ಕವನ ವಿಳಾಸವನ್ನು ಅವನನ್ನು ಕೇಳದೆ ಯಾರಿಗೂ ಕೊಡಬೇಡಿ. ಜಹ್ರಾದ ಒಂದು ರೊಟ್ಟಿ ಅಂಗಡಿಗೆ ಹೋಗಿ, "ನಿನ್ನ ಅಣ್ಣ ಸಿಕ್ಕಿದ್ದಾನೆ, ನಿನ್ನ ವಿಳಾಸ ಕೊಟ್ಟಿದ್ದೇನೆ!" ಎಂದು ನಾನು ಹಲ್ಲು ಬಿಟ್ಟು ಹೇಳಿದ ಮರುದಿನವೇ ಆ ಮನುಷ್ಯ ಅಂಗಡಿ ಬಿಟ್ಟು ಓಡಿದ. ಅವನನ್ನು ಸೈನಿಕರಿಗೆ ಹಿಡಿದುಕೊಟ್ಟದ್ದೇ ಆ ಅಣ್ಣ ಎಂದು ಆಮೇಲೆ ತಿಳಿಯಿತು. ಮೇಲಿನವರು ಬೈದರು, ಬೈಯಬೇಕಾದದ್ದೇ.

ಸಿಕ್ಕಿದರೂ ಮುಗಿಯುವುದಿಲ್ಲ. ಎಗೈಲಾದ ಒಂದು ಮನೆಯಲ್ಲಿ ಸೆಲ್ವಿ ಎಂಬ ಲಂಕೆಯ ತಮಿಳು ಹೆಂಗಸು ಕೆಲಸಕ್ಕಿದ್ದಳು. ಲಂಕೆಯ ಯುದ್ಧದಲ್ಲಿ ಕಾಣೆಯಾದ ಅಣ್ಣನನ್ನು ನಾವು ಹೇಗೋ ಹುಡುಕಿ ಫೋನಿನಲ್ಲಿ ಮಾತಾಡಿಸಿದೆವು. ಅವನು ಬಾಲ್ಯದ ಬಾವಿ, ಆಡಿನ ಹೆಸರು, ಅಮ್ಮ ಹೊಡೆದ ಕೋಲು ಎಲ್ಲ ಹೇಳಿದ. ಸೆಲ್ವಿ ಫೋನ್ ಇಟ್ಟು ನನ್ನನ್ನೇ ನೋಡಿದಳು.

"ಅಕ್ಕಾ, ಅಣ್ಣನಿಗೆ ಗೊತ್ತಿದ್ದದ್ದೆಲ್ಲ ಇವನಿಗೂ ಗೊತ್ತುಂಟು. ಆದರೆ ಇವನು ಅಣ್ಣ ಅಲ್ಲ."

"ಮತ್ತೆ ಯಾರು? ಭೂತವಾ?" ನನಗೆ ರೇಗಿತು.

"ಇರಬಹುದು," ಎಂದಳು, ತರಕಾರಿ ಕೊಳೆತಿದೆ ಎನ್ನುವಷ್ಟು ಸಲೀಸಾಗಿ.

ರಕ್ತ ಪರೀಕ್ಷೆ ಮಾಡಿಸಿದೆವು. ಅಣ್ಣನೇ. ಆದರೂ ಅವಳು ಹಬ್ಬಕ್ಕೆ ಅವನಿಗೆ ಬಟ್ಟೆ ಕಳಿಸಿದಳೇ ಹೊರತು ಇನ್ನೊಂದು ಸಲ ಮಾತಾಡಲಿಲ್ಲ. ಆ ಕಾಲದಲ್ಲಿ ನಾನು ರಕ್ತವನ್ನೇ ನಂಬುತ್ತಿದ್ದೆ. ಉಮ್ಮು ನಾಸಿರ್ ಮನೆಗೆ ಹೋಗಿ ಬಂದ ಮೇಲೆ ಯಾವುದನ್ನು ನಂಬಬೇಕೋ ಗೊತ್ತಾಗುತ್ತಿಲ್ಲ.

ಇಲ್ಲಿ ಹೆಂಗಸರನ್ನು ಹಿರಿಮಗನ ಹೆಸರಿನಿಂದ ಕರೆಯುತ್ತಾರೆ. ಉಮ್ಮು ನಾಸಿರ್ ಎಂದರೆ ನಾಸಿರನ ತಾಯಿ. ನೆರೆಯವರು, ನೆಂಟರು, ಕೊನೆಗೆ ಹೆತ್ತ ಮಗಳೂ ಅವರನ್ನು ಹಾಗೇ ಕರೆಯುತ್ತಿದ್ದುದನ್ನು ಕೇಳಿದ್ದೇನೆ. ನಾನು ಮಾತ್ರ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಜಹ್ರಾದಲ್ಲಿ ಹಳೆಯ ಮನೆ. ಗಂಡ ತೀರಿಹೋಗಿದ್ದರು. ಇರಾಕಿನವರು ಕುವೈತನ್ನು ಹಿಡಿದುಕೊಂಡಿದ್ದ ಆ ಚಳಿಗಾಲದಲ್ಲಿ ಬೀದಿಯ ಗಂಡಸರನ್ನೆಲ್ಲ ಲಾರಿಗೆ ತುಂಬಿಸಿ ಒಯ್ದರು, ನಾಸಿರನೂ ಅದರಲ್ಲಿದ್ದ. ಮತ್ತೆ ಬರಲಿಲ್ಲ. ನಾನು ಅವರ ಮನೆಗೆ ಮೊದಲು ಹೋದಾಗ ಕೇಳಿದ್ದು ಅದೇ ಪ್ರಶ್ನೆ: ಹಾಕಿದ್ದ ಬಟ್ಟೆಯಲ್ಲಿ ಏನು ಕೆಟ್ಟಿತ್ತು?

ಉಮ್ಮು ನಾಸಿರ್ ಜೋರಾಗಿ ನಕ್ಕರು. "ಸ್ವೆಟರ್. ನಾನೇ ಹೆಣೆದದ್ದು. ಎಡಗೈ ತೋಳು ಗೇಣುದ್ದ ಜಾಸ್ತಿ! 'ಯುಮ್ಮಾ, ನಾನೇನು ಮಂಗನಾ' ಅಂತಿದ್ದ. ಆದರೂ ಹಾಕ್ಕೊಂಡ."

ಮುಂದೆ ಮೂಳೆಯಿಂದ ಗುರುತು ಹಿಡಿಯುವ ಪರೀಕ್ಷೆ ಬಂತು. ಅಲ್ಲಿಯವರೆಗೆ ನಾವು ರೇಡಿಯೋದಲ್ಲಿ ಹೆಸರು ಓದಿಸುತ್ತಿದ್ದೆವು, ಫೋಟೋ ಹಿಡಿದು ಅಲೆಯುತ್ತಿದ್ದೆವು. ಈಗ ತಾಯಿಯ ಕೆನ್ನೆಯೊಳಗೆ ಹತ್ತಿಕಡ್ಡಿ ಉಜ್ಜಿದರೆ ಸಾಕು, ಇರಾಕಿನ ಮರಳಿನಲ್ಲಿ ಸಿಕ್ಕ ಮೂಳೆ ಅವಳ ಮಗನದೋ ಅಲ್ಲವೋ ಹೇಳುತ್ತಾರಂತೆ. ಎಷ್ಟೋ ತಾಯಂದಿರು ಹತ್ತಿಕಡ್ಡಿ ಕಂಡದ್ದೇ ಬಾಗಿಲು ಹಾಕಿಕೊಂಡರು. ಉಮ್ಮು ನಾಸಿರ್ ಮಾತ್ರ ಬಾಯಿ ಅಗಲಿಸಿ, "ತಗೋ ಫಿಲ್ಲು, ಎಷ್ಟು ಬೇಕೋ ಅಷ್ಟು ತಗೋ," ಎಂದರು. ಆಮೇಲೆ ಮರಳಿನಿಂದ ಯಾರು ಯಾರೋ ಸಿಕ್ಕರು, ಹೆಸರು ಪಡೆದು ಮಣ್ಣಾದರು. ನಾಸಿರ್ ಸಿಗಲಿಲ್ಲ. ಹಬ್ಬಕ್ಕೊಮ್ಮೆ ಹೋಗಿ "ಇನ್ನೂ ಇಲ್ಲ ಖಾಲಾ" ಎಂದು ಹೇಳಿ, ಖರ್ಜೂರ ತಿಂದು ಬರುವುದು ನನಗೆ ರೂಢಿಯಾಯಿತು.

ನಾನು ನಿವೃತ್ತಳಾಗಲು ಹೆಚ್ಚು ಕಾಲವಿರಲಿಲ್ಲ. ಆ ಬೇಸಿಗೆ ಅವರ ಮನೆಗೆ ಹೋದರೆ ಎಸಿ ಬಂದ್. ಹೊರಗೆ ಕಾವಲಿಯಂಥ ಬಿಸಿಲು, ಒಳಗೆ ಉಸಿರು ಕಟ್ಟುವ ಸೆಕೆ. ಉಮ್ಮು ನಾಸಿರ್ ಉಣ್ಣೆಯ ಶಾಲು ಹೊದ್ದು ಕೂತಿದ್ದರು. ಮಗಳು ಹಿಸ್ಸಾ ಬೆವರು ಒರೆಸಿಕೊಳ್ಳುತ್ತ, "ನೀವಾದರೂ ಹೇಳಿ, ನನ್ನ ಮಾತು ಕೇಳ್ತಾ ಇಲ್ಲ. ಬೇಸಿಗೆ ಶುರುವಾದಾಗಿನಿಂದ ಇದೇ ಆಯ್ತು," ಎಂದಳು.

"ನಾಸಿರ್ ಬಂದಿದ್ದಾನೆ," ಎಂದರು ತಾಯಿ.

"ಎಲ್ಲಿಗೆ ಖಾಲಾ?"

"ಕುವೈತಿಗೇ. ತಣ್ಣಗಿನ ಕೋಣೆಯಂತೆ, ಕಿಟಕಿ ಇಲ್ಲ. ಸುತ್ತ ಇನ್ನೂ ಜನ ಇದ್ದಾರಂತೆ, ಒಬ್ಬರೂ ಮಾತಾಡೋದಿಲ್ಲ. ದಿನಾ ಇಳಿಹೊತ್ತಿನ ಅಸರ್ ನಮಾಜು ಆದ ಮೇಲೆ ಬರ್ತಾನೆ. 'ಚಳಿ ಯುಮ್ಮಾ' ಅಂತಾನೆ. ಹೊರಗೆ ತರಿಸು ಅಂತಾನೆ."

"ಬಂದು ಎಲ್ಲಿ ಕೂತುಕೊಳ್ತಾನೆ?" ನನ್ನ ಹಾಳು ಬಾಯಿ, ಸುಮ್ಮನಿರಬಾರದಿತ್ತಾ?

ಅವರು ನನ್ನ ಕಾಲ ಬುಡದ ಚಾಪೆಯನ್ನು ತೋರಿಸಿದರು. "ಅಲ್ಲೇ. ಈಗಷ್ಟೇ ಎದ್ದು ಹೋದ."

ಯೇಸುವಿನಾಣೆ ಹೇಳುತ್ತೇನೆ, ನನ್ನ ಪಾದ ತಣ್ಣಗಾಯಿತು. ಮೈಯೆಲ್ಲ ಬೆವರು, ಪಾದ ಮಾತ್ರ ತಣ್ಣಗೆ, ಮೀನಿನ ಐಸಿನ ಪೆಟ್ಟಿಗೆಗೆ ಇಳಿಸಿದ ಹಾಗೆ. ಕಾಲನ್ನು ಮೇಲೆ ಎಳೆದುಕೊಂಡು ಬೇಗ ಬೇಗ ಕಾಫಿ ಕುಡಿದು ಹೊರಬಿದ್ದೆ. ಗಾಡಿಯಲ್ಲಿ ಹಮೀದ್ ಭಾಯಿ ಹಿಂದೆ ತಿರುಗಿ ನೋಡಿದರು.

"ಎಂಥ ಆಯ್ತು ಬಾಯಿ? ಮುಖ ಸುಣ್ಣದ ಹಾಗೆ ಉಂಟಲ್ಲ?"

ಹೇಳಿದೆ. ಅವರು ಗಾಡಿಯ ಕೀಲಿಯಿಂದ ಕೈ ತೆಗೆದರು. "ನೀವು ಒಳಗೆ ಹೋಗುವಾಗ ನಿಮ್ಮ ಚೀಲ ಕೊಡ್ಲಿಕ್ಕೆ ಬಾಗಿಲ ತನಕ ಬಂದಿದ್ದೆನಲ್ಲ. ನನಗೂ ಹಾಗೇ ಆಯ್ತು. ನೀವು ನಗ್ತೀರಿ ಅಂತ ಹೇಳ್ಲಿಲ್ಲ."

"ನಗುವುದಾ? ನನಗೆ ಇಲ್ಲಿ ಜೀವ ಹೋಗ್ತಾ ಉಂಟು!"

"ಇನ್ನು ಮುಂದೆ ನಾನು ಗಾಡಿಯಲ್ಲೇ ಕೂತ್ಕೊಳ್ತೇನೆ. ತಪ್ಪು ತಿಳ್ಕೊಬೇಡಿ."

ನಮ್ಮ ಮೇಲಧಿಕಾರಿಗಳು ಯುರೋಪಿನವರು, ನಮ್ಮ ಸೆಕೆ ಅಭ್ಯಾಸವಾಗುವಷ್ಟರಲ್ಲಿ ಬದಲಾಗಿ ಹೋಗುವವರು. ಆಗ ಇದ್ದವರು ಉದ್ದನೆಯ, ಒಳ್ಳೆಯ ಮನುಷ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ನಾನು ಹೇಳಿದ್ದನ್ನು ಕೇಳಿ, ಮನಸ್ಸಿನ ಗಾಯ ಹಾಗೆಲ್ಲ ಮಾಡುತ್ತದೆ ಫಿಲೊಮಿನಾ, ನೀನೂ ರಜೆ ತೆಗೆದುಕೋ, ಎಂದರು. ರಜೆಯಂತೆ! ನಾನು ಮೂಳೆ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಹೋದೆ.

ಅಲ್ಲಿಯ ಡಾಕ್ಟರಮ್ಮ ನನಗೆ ಹಳೆಯ ಪರಿಚಯ. ಇರಾಕಿನಿಂದ ಹೊಸದಾಗಿ ಬಂದ ಅವಶೇಷಗಳಲ್ಲಿ ಯಾವ ಮನೆಗೂ ಹೊಂದದೆ ಉಳಿದವರ ಬಟ್ಟೆಬರೆಯ ಫೋಟೋಗಳನ್ನು ಒಂದೊಂದಾಗಿ ತೋರಿಸಿದರು. ಒಂದು ಫೋಟೋದಲ್ಲಿ ಮಣ್ಣು ಹಿಡಿದ ಸ್ವೆಟರನ್ನು ಮೇಜಿನ ಮೇಲೆ ಹರಡಿಟ್ಟಿದ್ದರು. ಎಡಗೈ ತೋಳು ಗೇಣುದ್ದ ಜಾಸ್ತಿ.

"ಇವರನ್ನು ಎಲ್ಲಿ ಇಟ್ಟಿದ್ದೀರಿ?"

"ಶೀತಲ ಕೋಣೆಯಲ್ಲಿ. ಬೇಸಿಗೆ ಶುರುವಿನಲ್ಲಿ ಬಂದದ್ದು."

"ಅಲ್ಲಿ ಕಿಟಕಿ ಉಂಟಾ?"

ಡಾಕ್ಟರಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು. "ಅಲ್ಲಿಗೆ ಕಿಟಕಿ ಯಾಕೆ ಫಿಲೊಮಿನಾ?"

ಇದು ಉಮ್ಮು ನಾಸಿರ್ ಮಗನ ಸ್ವೆಟರ್, ಎಂದೆ. ಆದರೆ ಡಾಕ್ಟರಮ್ಮ ತಲೆಯಾಡಿಸಿದರು. ಈ ಮೂಳೆಗೂ ಉಮ್ಮು ನಾಸಿರ್ ಕೊಟ್ಟ ಮಾದರಿಗೂ ದೂರದ ನೆಂಟಸ್ತಿಕೆಯೂ ಇಲ್ಲ, ನಾಸಿರನ ಸ್ವೆಟರನ್ನು ಬೇರೆ ಯಾರೋ ಹಾಕಿಕೊಂಡಿರಬೇಕು, ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಚಳಿಯಲ್ಲಿ ಯಾರು ತನ್ನ ಸ್ವೆಟರ್ ಬಿಚ್ಚಿ ಇನ್ನೊಬ್ಬನಿಗೆ ಕೊಡುತ್ತಾರೆ? ಕೊಡಲೂಬಹುದು. ಆದರೆ ನನ್ನ ತಲೆಯೊಳಗೆ ಬೇರೆ ಹುಳ ಹೊಕ್ಕಿತ್ತು. ಇಷ್ಟು ವರ್ಷ ಈ ದೇಶದಲ್ಲಿದ್ದು ಹಾಲಿನ ಸಂಬಂಧ ಎಂದರೇನೆಂದು ಗೊತ್ತಿಲ್ಲದವಳಲ್ಲ ನಾನು. ಬೇರೆಯವಳ ಕೂಸಿಗೆ ಎದೆಹಾಲು ಕೊಟ್ಟವಳು ಇಲ್ಲಿ ಅದಕ್ಕೆ ತಾಯಿಯೇ. ಒಂದೇ ಎದೆಯ ಹಾಲು ಕುಡಿದವರು ಅಣ್ಣ ತಂಗಿ, ಅವರಿಗೆ ಮದುವೆಯೂ ಕೂಡದು. ನಾವು "ನೀವು ಅವನ ತಾಯಿಯಾ" ಎಂದು ಕೇಳಿದ್ದೆವು, ಅವರು ಹೌದು ಎಂದಿದ್ದರು. ಹೆತ್ತಿರಾ ಎಂದು ಯಾರು ಕೇಳುತ್ತಾರೆ?

ಖಚಿತವಾಗದ ಸುದ್ದಿಯನ್ನು ಮನೆಯವರಿಗೆ ಹೇಳಕೂಡದು ಎಂದು ಉದ್ದನೆಯ ಸಾಹೇಬರು ಕಟ್ಟಪ್ಪಣೆ ಮಾಡಿದರು. ಸುದ್ದಿ ಹೇಳಲಿಲ್ಲ. ಪ್ರಶ್ನೆ ಕೇಳಬಾರದು ಎಂದು ಅವರು ಹೇಳಿರಲಿಲ್ಲವಲ್ಲ!

"ಖಾಲಾ, ನಾಸಿರ್ ನೀವು ಹೆತ್ತ ಮಗನಾ?"

ಉಮ್ಮು ನಾಸಿರ್ ಕೈಯಲ್ಲಿದ್ದ ಫಿಂಜಾನನ್ನು, ಅಂದರೆ ಕಾಫಿಯ ಪುಟ್ಟ ಬಟ್ಟಲನ್ನು, ನನ್ನತ್ತ ಎಸೆದರು. ಗೋಡೆಗೆ ಬಿದ್ದು ಚೂರಾಯಿತು. "ಹೊರಗೆ ನಡಿ. ಯಲ್ಲಾ! ಇನ್ನು ಈ ಮನೆಗೆ ಕಾಲಿಡಬೇಡ."

ಹೊರಟುಬಂದೆ. ಇಡೀ ಸೆಕೆಗಾಲ ಅವರ ಸುದ್ದಿಯಿಲ್ಲ. ಮಳೆಯ ಮೊದಲ ಮೋಡ ಕಾಣಿಸಿಕೊಂಡ ಹೊತ್ತಿಗೆ ಅವರೇ ಹಿಸ್ಸಾಳ ಕೈ ಹಿಡಿದುಕೊಂಡು ನಮ್ಮ ಆಫೀಸಿಗೆ ಬಂದರು. ಶಾಲಿನ ಮೇಲೆ ಇನ್ನೊಂದು ಶಾಲು.

"ಅವನಿಗೆ ಮಾತು ನಿಂತುಹೋಗಿದೆ," ಎಂದರು. "ಮೊದಲು ಚಳಿ ಅಂತಿದ್ದ. ಈಗ ಬರ್ತಾನೆ, ಕೂರ್ತಾನೆ, ಹಲ್ಲು ಕಟಕಟ ಅನ್ನೋದು ಕೇಳ್ತದೆ, ಮಾತಿಲ್ಲ. ನಿನಗೆ ಏನು ಗೊತ್ತು ಹೇಳು."

ಸ್ವೆಟರಿನ ವಿಷಯ ಹೇಳಿಬಿಟ್ಟೆ. ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ರಕ್ತ ಕೂಡಿಲ್ಲ ಎಂದೂ ಹೇಳಿದೆ. ಅವರು ಮಗಳ ಕಡೆ ನೋಡದೆ ಕಥೆ ಬಿಚ್ಚಿದರು.

ಅವರಿಗೆ ಮೊದಲು ಹುಟ್ಟಿದ ಗಂಡುಕೂಸು ಹೆಸರಿಟ್ಟ ಕೆಲವೇ ದಿನಗಳಲ್ಲಿ ತೀರಿಹೋಯಿತು. ಹೆಸರು ನಾಸಿರ್. ಪಕ್ಕದ ಮನೆಯಲ್ಲಿ ಬಸ್ರಾ ಕಡೆಯ ಒಬ್ಬ ಕೆಲಸಗಾರನ ಸಂಸಾರ. ಅವನ ಹೆಂಡತಿ ಗಂಡು ಹೆತ್ತು ಅದೇ ವಾರ ಸತ್ತಳು. ಕೂಸು ಹಸಿವಿನಿಂದ ಕಿರುಚುತ್ತಿತ್ತು, ಇವರ ಎದೆ ಹಾಲು ಕಟ್ಟಿ ನೋಯುತ್ತಿತ್ತು. ಅವನು ಕೂಸನ್ನು ಇವರ ಮಡಿಲಲ್ಲಿ ಹಾಕಿ, ಪುಟ್ಟ ಮಗಳೊಬ್ಬಳನ್ನು ಕರೆದುಕೊಂಡು ತನ್ನೂರಿಗೆ ಹೋದ. ತೀರಿಹೋದ ಕೂಸಿನ ಹೆಸರೇ ಬದುಕಿದ ಕೂಸಿಗಾಯಿತು. ಗಂಡ ಹೆಂಡತಿ ಇಬ್ಬರಿಗೇ ಗೊತ್ತು.

"ಎರಡು ವರ್ಷ ಹಾಲು ಕುಡಿಸಿದೆ ಫಿಲ್ಲು," ಎಂದರು. "ಅವನ ಮೂಳೆ ಆದದ್ದು ಆ ಹಾಲಿನಿಂದ ಅಲ್ಲವಾ? ಅದಕ್ಕೇ ಧೈರ್ಯವಾಗಿ ಬಾಯಿ ತೆರೆದೆ. ನಿಮ್ಮ ಮೆಷಿನಿಗೆ ನನ್ನ ಹಾಲು ಕಾಣಲಿಲ್ಲವಾ?"

ಕಾಣುವುದಿಲ್ಲ ಖಾಲಾ, ಎಂದೆ. ಹಿಸ್ಸಾ ಗೋಡೆಗೆ ಒರಗಿ ನಿಂತು ಅಳುತ್ತಿದ್ದಳು.

ಈಗ ಅವನನ್ನು ಆ ಕೋಣೆಯಿಂದ ಹೊರಗೆ ತರಲು ಒಂದೇ ದಾರಿಯಿತ್ತು. ಹಳೆಯ ಮಾದರಿ ತಾಯಿಯದಲ್ಲ ಎಂದು ತೆಗೆದುಹಾಕಬೇಕು, ಹೆತ್ತವರ ಕಡೆಯ ರಕ್ತ ಹುಡುಕಬೇಕು. ಅದಕ್ಕೆ ಉಮ್ಮು ನಾಸಿರ್ ಸರ್ಕಾರಿ ಅಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವನು ಹೆಸರಿಲ್ಲದೆ ಆ ಚಳಿಯಲ್ಲೇ. ಹೇಳಿದರೆ ಇವರು ಯಾರ ತಾಯಿ? ನಾನೇ ಕರೆದುಕೊಂಡು ಹೋದೆ. ಅಧಿಕಾರಿ ಸಭ್ಯ ಮನುಷ್ಯ, ತಲೆ ತಗ್ಗಿಸಿಯೇ ಕೇಳಿದ. ಉಮ್ಮು ನಾಸಿರ್ ಎದ್ದು ನಿಂತು, "ಅವನು ನನ್ನ ಮಗನಲ್ಲ," ಎಂದರು. ಕೂತರು. ಹೆಗಲ ಮೇಲಿನ ಶಾಲುಗಳನ್ನು ಒಂದೊಂದಾಗಿ ತೆಗೆದು ಮಡಚಿ ಮಡಿಲಲ್ಲಿಟ್ಟುಕೊಂಡರು.

ಇನ್ನು ಹುಡುಕಾಟ. ಹೊಸಬರೇ, ಇದನ್ನು ನೆನಪಿಡಿ: ಹೆಸರು ಹಿಡಿದು ಹೊರಡಬೇಡಿ, ಕಸುಬು ಹಿಡಿದು ಹೊರಡಿ. ಭಯದಲ್ಲಿ ಓಡುವವನು ಹೆಸರು ಬದಲಾಯಿಸುತ್ತಾನೆ, ಹೊಟ್ಟೆಪಾಡು ಬದಲಾಯಿಸುವುದು ಅಷ್ಟು ಸುಲಭವಲ್ಲ. ಆ ತಂದೆ ದೋಣಿಯ ಹಲಗೆಗಳ ಸಂದಿಗೆ ಎಣ್ಣೆ ಹತ್ತಿ ತುಂಬುವವನಾಗಿದ್ದ. ನಾವು ಕರಾವಳಿಯವರು, ಹಮೀದ್ ಭಾಯಿಯ ಅಜ್ಜನೂ ಅದೇ ಕೆಲಸದವರು. "ಆ ಕೆಲಸದವರು ನೀರು ಬಿಟ್ಟು ಇರುದಿಲ್ಲ ಬಾಯಿ, ಹೊಳೆ ಹಿಡ್ಕೊಂಡು ಕೇಳಿಸಿ," ಎಂದರು. ಇರಾಕಿನಲ್ಲಿದ್ದ ನಮ್ಮವರು ನದಿಯುದ್ದಕ್ಕೂ ದೋಣಿ ಕಟ್ಟುವ ಮುದುಕರನ್ನು ಕೇಳುತ್ತ ಹೋದರು. ಆ ಸಂಸಾರವನ್ನು ಒಂದು ಯುದ್ಧ ಊರಿನಿಂದ ಎಬ್ಬಿಸಿತ್ತು. ಮುಂದೆ ಜೌಗು ಪ್ರದೇಶದಲ್ಲಿ ನೆಲೆಸಿದರೆ ಅಲ್ಲಿಯ ಆಡಳಿತ ನೀರನ್ನೇ ಬತ್ತಿಸಿ ಓಡಿಸಿತ್ತು. ತಂದೆ ಎಂದೋ ಸತ್ತಿದ್ದ. ಮಗಳು ಜಮೀಲಾ ಅಮಾರಾದ ಹೊರವಲಯದಲ್ಲಿ ಎಮ್ಮೆ ಸಾಕಿಕೊಂಡು ಇದ್ದಳು. ತಮ್ಮ ಹುಟ್ಟಿದ್ದು ಅವಳಿಗೆ ಗೊತ್ತಿತ್ತು, ಅಮ್ಮನ ಜೊತೆ ಅವನೂ ಸತ್ತ ಎಂದು ತಂದೆ ಹೇಳಿದ್ದನಂತೆ. ಹತ್ತಿಕಡ್ಡಿ ಬಂತು. ರಕ್ತ ಕೂಡಿತು.

ಸಾಹೇಬರು ಓಡಾಡಿ ಜಮೀಲಾಳಿಗೆ ವೀಸಾ ಮಾಡಿಸಿದರು, ಇಷ್ಟು ಮಾತ್ರ ಅವರ ಪರವಾಗಿ ಹೇಳಲೇಬೇಕು. ರಕ್ತ ಸಂಬಂಧಿ ಎಂದು ಅವಳೇ ಸಹಿ ಹಾಕಿ ತಮ್ಮನನ್ನು ಬಿಡಿಸಿಕೊಂಡಳು. ಗಂಡಸರು ಕಬರಸ್ತಾನಕ್ಕೆ ಒಯ್ದು ಮಣ್ಣು ಕೊಟ್ಟರು. ಕೊನೆಗೂ ಅವನು ಬಿಸಿಲು ಬೀಳುವ ಕಡೆ ಮಲಗಿದ. ಆ ಹೊತ್ತಿಗೆ ನನ್ನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿಯುತ್ತ ಬಂದಿತ್ತು, ಆಫೀಸಿನಲ್ಲಿ ಬೀಳ್ಕೊಡುಗೆಯ ಕೇಕೂ ಆಗಿತ್ತು.

ಹೆಂಗಸರ ಸಂತಾಪ ಜಹ್ರಾದ ಮನೆಯಲ್ಲೇ. ನಾನೂ ಹೋದೆ. ಎಸಿ ಹಾಕಿದ್ದರು, ಸಿಹಿಯಿಲ್ಲದ ಕಾಫಿ ಸುತ್ತು ಬರುತ್ತಿತ್ತು. ಬಂದ ಹೆಂಗಸರಿಗೆ ಯಾರ ಮುಂದೆ ಮೊದಲು ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಜಮೀಲಾ ಪ್ರತಿಯೊಬ್ಬರ ಕೈ ಹಿಡಿದು, "ತಾಯಿ ಅಲ್ಲಿದ್ದಾರೆ," ಎಂದು ಕಳಿಸುತ್ತಿದ್ದಳು. ನನಗೆ ಕಣ್ಣು ತುಂಬಿ ಬಂತು. ಹೋಗಿ ಪಕ್ಕದಲ್ಲಿ ಕೂತೆ.

ಉಮ್ಮು ನಾಸಿರ್ ನನ್ನ ಮಣಿಕಟ್ಟು ಹಿಡಿದುಕೊಂಡರು. "ಅವನು ಬರ್ತಾ ಇಲ್ಲ," ಎಂದರು.

"ಒಳ್ಳೆಯದಾಯ್ತಲ್ಲ ಖಾಲಾ. ನೆಮ್ಮದಿಯಾಯ್ತು ಅವನಿಗೆ."

"ಮಣ್ಣಾದ ಮೇಲೆ ಅಲ್ಲ. ಆ ಆಫೀಸಿನಲ್ಲಿ ನಾನು 'ನನ್ನ ಮಗನಲ್ಲ' ಅಂದೆನಲ್ಲ, ಅವತ್ತಿನಿಂದಲೇ ಬಂದಿಲ್ಲ. ಅಸರ್ ಆಗ್ತದೆ, ಚಾಪೆ ಖಾಲಿ." ಹಿಡಿತ ಬಿಗಿಯಾಯಿತು. "ಅಕ್ಕನ ಹತ್ತಿರ ಹೋಗಿರಬೇಕು. ರಕ್ತ ಅಲ್ಲವಾ? ನನಗೆ ಕೇಳಲಿಕ್ಕೆ ನಾಚಿಕೆ. ನೀನು ಕೇಳು."

ಎದ್ದು ಹೋಗಿ ಜಮೀಲಾಳ ಕಿವಿಯಲ್ಲಿ ಕೇಳಿದೆ. ಅವಳು ಪಾಪ, ಅರ್ಥವಾಗದೆ ನನ್ನ ಮುಖ ನೋಡಿದಳು. ಇಲ್ಲ, ಕನಸಿನಲ್ಲೂ ಬಂದಿಲ್ಲ, ಬಂದರೆ ಗುರುತಾದರೂ ಹೇಗೆ ಸಿಗಬೇಕು, ಎಂದಳು. ಸುಳ್ಳು ಹೇಳೋಣ ಎಂದುಕೊಂಡೇ ವಾಪಸ್ ಬಂದು ಕೂತೆ. ಆದರೆ ಉಮ್ಮು ನಾಸಿರ್ ದೂರದಿಂದಲೇ ಅವಳು ಇಲ್ಲವೆಂದು ತಲೆಯಾಡಿಸಿದ್ದನ್ನು ನೋಡಿಬಿಟ್ಟಿದ್ದರು.

"ಹಾಗಾದರೆ ಎಲ್ಲಿಗೆ ಹೋದ?" ಎಂದರು.

ಸುತ್ತಲಿನ ಹೆಂಗಸರು ನಮ್ಮತ್ತ ತಿರುಗಿದರು. ಅವರು ಮತ್ತೆ ನನ್ನ ಮಣಿಕಟ್ಟು ಹಿಡಿದರು.

"ಹುಡುಕುವುದೇ ನಿನ್ನ ಕೆಲಸ ಅಲ್ಲವಾ ಫಿಲ್ಲು? ಹುಡುಕು."

ಆಯ್ತು ಉಮ್ಮು ನಾಸಿರ್, ಎಂದೆ.